ಸೊಪ್ಪಿನ ಬುಟ್ಟಿಗಳ ಅಡಿಯಲ್ಲಿ ಸ್ಕೂಟರ್

ಆ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಅಕ್ಕ, ಭಾವ ಬರುವವರಿದ್ದರು. ಭಾವನಿಗೆ ಬಂಗುಡೆ ಎಂದರೆ ಪ್ರಾಣ. ಹಲಸೂರಿನ ನಮ್ಮ ಬೀದಿಯಲ್ಲಿ ಸಿಗುವ ಮೀನು ನನಗೆ ಹಿಡಿಸುವುದಿಲ್ಲ. ಹಾಗಾಗಿ ಶಿವಾಜಿನಗರದ ಮಾರುಕಟ್ಟೆ ಚೌಕಕ್ಕೇ ಹೋದೆ. ಹೂವಿನವರ ಸಾಲು ಮುಗಿಯುವಲ್ಲಿ ಒಂದು ಸ್ಕೂಟರ್ ಹಿಡಿಯುವಷ್ಟು ಜಾಗ ಕಂಡಿತು. ಅಲ್ಲೇ ನಿಲ್ಲಿಸಿ, ಹಳೆಯ ಮಾರುಕಟ್ಟೆ ಕಟ್ಟಡದ ಒಳಹೊಕ್ಕೆ.

ಮೀನು ಕೊಂಡು, ತುಂಡು ಮಾಡಿಸಿಕೊಂಡು ಹೊರಬಂದರೆ ಸ್ಕೂಟರೇ ಇಲ್ಲ! ಕಣ್ಣರಳಿಸಿ ಹುಡುಕಿದಾಗ, ಕೊತ್ತಂಬರಿ ಸೊಪ್ಪಿನ ಬುಟ್ಟಿಗಳ ಗುಡ್ಡದೊಳಗಿಂದ ಅದರ ಒಂದು ಕನ್ನಡಿ ಇಣುಕುತ್ತಿತ್ತು. ಸೀಟಿನ ಮೇಲೂ ಬುಟ್ಟಿ, ಕಾಲಿಡುವಲ್ಲೂ ಬುಟ್ಟಿ.

"ಯಾರದ್ರೀ ಇದು?" ಎಂದು ಪಕ್ಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದವಳನ್ನು ಕೇಳಿದೆ.

"ಭಾಯ್ ನಮಾಜ್‌ಗೆ ಹೋಗವ್ರೆ. ಬರ್ತಾರೆ ಇರಮ್ಮಾ."

"ನಾನೇ ಎತ್ತಿಡ್ತೀನಿ ಬಿಡಿ."

"ಅಯ್ಯೋ, ಮುಟ್ಬೇಡಿ! ನೋಡ್ಕೋ ಅಂತ ನಂಗೆ ಹೇಳವ್ರೆ. ಒಂದ್ ಕಟ್ಟು ಕಮ್ಮಿಯಾದ್ರೂ ನನ್ನೇ ಕೇಳೋದು."

ನೆತ್ತಿ ಸುಡುತ್ತಿತ್ತು. ಚೀಲದಿಂದ ಮೀನಿನ ನೀರು ತೊಟ್ಟಿಕ್ಕಿ ಚಪ್ಪಲಿ ಒದ್ದೆಯಾಯಿತು. ಅಷ್ಟರಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು "ಕೊತ್ಮೀರ್ ಕೈಸಾ?" ಎಂದು ನನ್ನನ್ನೇ ರೇಟು ಕೇಳಿದಳು. ನನ್ನದಲ್ಲ ಎಂದೆ. ಆಮೇಲೆ ಬಂದ ಮುದುಕರೊಬ್ಬರು ಒಂದು ಕಟ್ಟು ಎತ್ತಿ ಮೂಸಿ ನೋಡಿದರು. ನಾನು ರೇಟು ಹೇಳದ್ದಕ್ಕೆ ಅವರಿಗೆ ಸಿಟ್ಟು ಬಂತು.

"ಮಾರಕ್ಕೆ ಮನ್ಸಿಲ್ದಿದ್ರೆ ಇಲ್ಲಿ ಯಾಕ್ ನಿಂತಿದೀರಾ?"

"ಸ್ಕೂಟರ್ ನಂದು ರೀ, ಸೊಪ್ಪಲ್ಲ!" ಎಂದು ಕಿರುಚಿಯೇಬಿಟ್ಟೆ. ನಿಂಬೆಹಣ್ಣಿನವಳು ಬಿದ್ದುಬಿದ್ದು ನಕ್ಕಳು. ಆಗಲೇ ಅಕ್ಕನ ಫೋನು: "ಎಲ್ಲಿದೀಯೇ? ಮನೆಗೆ ಬೀಗ ಹಾಕಿದೆ."

ಕೊನೆಗೆ ಭಾಯ್ ನಿಧಾನವಾಗಿ ನಡೆದು ಬಂದರು. ಬೈಯಲು ಮಾತು ಜೋಡಿಸಿಕೊಂಡೇ ನಿಂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ಗಾಡಿ ನಿಮ್ದಾ? ಇದು ನಾನ್ ಕೂತ್ಕೊಳೋ ಜಾಗ ಮೇಡಂ."

"ಬೋರ್ಡ್ ಎಲ್ಲಿದೆ?"

"ನಮ್ಮಪ್ಪನ ಕಾಲದಿಂದ ಕೂರ್ತೀವಿ, ಬೋರ್ಡ್ ಯಾಕೆ? ಟೆಂಪೋದವ್ನು ಸೊಪ್ಪು ಇಳಿಸ್ಬಿಟ್ಟು ಹೋದ. ನಾನ್ ಎಲ್ಲಿಡ್ಲಿ, ತಲೆ ಮೇಲಾ?"

ಅವರು ಒಂದೊಂದೇ ಬುಟ್ಟಿ ಇಳಿಸಿ, ಹೆಗಲ ಟವೆಲಿನಿಂದ ಸೀಟನ್ನೂ ಒರೆಸಿಕೊಟ್ಟರು. ಬೈಯುವ ಕೊನೆಯ ಅವಕಾಶವೂ ಹಾಗೆ ಕೈತಪ್ಪಿತು.

ಮನೆ ತಲುಪಿದಾಗ ಅಕ್ಕ, ಭಾವ ಮೆಟ್ಟಿಲ ಮೇಲೆ ಕೂತಿದ್ದರು. ಹಸಿವು ತಾಳದೆ ಮೂಲೆಯ ಹೋಟೆಲಿನಿಂದ ಬಿರಿಯಾನಿ ತರಿಸಿಕೊಂಡಿದ್ದರು.

"ಮೀನು ರಾತ್ರಿಗೆ ಮಾಡು, ಏನಂತೆ?" ಎಂದರು ಭಾವ.

ಮೀನನ್ನು ಫ್ರಿಜ್ಜಿಗೆ ತುರುಕಿ ಉಣ್ಣಲು ಕೂತೆ. ಬಿರಿಯಾನಿ ಬಹಳ ಚೆನ್ನಾಗಿತ್ತು. ಅದು ನನ್ನನ್ನು ಇನ್ನಷ್ಟು ರೇಗಿಸಿತು.