ಬಾಗಿಲಿಗಿಂತ ದೊಡ್ಡ ಭರಣಿ

ಒಮಾನಿನ ದಾರ್ಸೈಟಿನಲ್ಲಿರುವ ನಮ್ಮ ಫ್ಲಾಟು ಖಾಲಿ ಮಾಡುತ್ತಿದ್ದೇವೆ. ಕಪಾಟು ಮಾತ್ರ ಬಾಗಿಲು ದಾಟುವುದಿಲ್ಲ. ಬಡಗಿಯನ್ನು ಕರೆಸಿ ಕೋಣೆಯೊಳಗೇ ಮಾಡಿಸಿದ್ದು. ಅಳತೆ ಟೇಪು ಹಿಡಿದು ನಿಂತ ನನಗೆ ಖಸಬ್ ನೆನಪಾಯಿತು.

ಖಸಬ್ ಒಮಾನಿನ ತುತ್ತತುದಿಯ ಬಂದರು. ನಾನು ಚಿಕ್ಕವನಿದ್ದಾಗ ಅಪ್ಪ ಅಮ್ಮನ ಜೊತೆ ಹೋಗಿದ್ದೆ. ಕಾರಿನಲ್ಲಿ ಒಮಾನ್ ಬಿಟ್ಟು, ಬೇರೆ ದೇಶ ದಾಟಿ, ಮತ್ತೆ ಒಮಾನಿಗೇ ಬಂದೆವು. ಅದು ನನಗೆ ಅರ್ಥವಾಗಲಿಲ್ಲ. ಬಂದರಿನಲ್ಲಿ ಇರಾನಿನ ದೋಣಿಗಳಿಂದ ಆಡುಗಳು ಇಳಿದು ಸಿಗರೇಟು ಪೆಟ್ಟಿಗೆಗಳು ಹತ್ತುತ್ತಿದ್ದವು. ಅದೂ ಅರ್ಥವಾಗಲಿಲ್ಲ.

ಅಪ್ಪನ ಪರಿಚಯದ ಒಮಾನಿ ಅಜ್ಜ ಬೆಟ್ಟದ ಮೇಲಿನ ತಮ್ಮ ಕಲ್ಲಿನ ಮನೆ ತೋರಿಸಿದರು. ಬೇಸಿಗೆಯಲ್ಲಿ ಅದಕ್ಕೆ ಬೀಗ ಹಾಕಿ, ಖರ್ಜೂರ ಕೊಯ್ಯಲು ಖಸಬಿಗೆ ಇಳಿಯುವ ಜನ ಅವರು. ಒಳಗೆ ನನಗಿಂತ ಎತ್ತರದ, ದೊಡ್ಡ ಹೊಟ್ಟೆಯ, ಧಾನ್ಯ ತುಂಬುವ ಮಣ್ಣಿನ ಭರಣಿ. ಬಾಗಿಲು ನೋಡಿದರೆ ಅಪ್ಪ ಬಗ್ಗಿ ನುಸುಳುವಷ್ಟೇ.

"ಇದು ಒಳಗೆ ಹೇಗೆ ಬಂತಪ್ಪಾ?"

ಅಪ್ಪ ಗೋದಾಮಿನ ಮನುಷ್ಯ. 'ಗೊತ್ತಿಲ್ಲ' ಅವರ ಸ್ಟಾಕಿನಲ್ಲಿರಲಿಲ್ಲ. "ಓರೆ ಮಾಡಿದರೆ ಎಲ್ಲ ಹೋಗ್ತದೆ ಮಗಾ."

ಅಜ್ಜ ನಕ್ಕು ಹಿಂದಿಯಲ್ಲಿ ಹೇಳಿದರು, "ಮೊದಲು ಭರಣಿ ಇಡೋದು. ಆಮೇಲೆ ಸುತ್ತ ಗೋಡೆ ಕಟ್ಟೋದು."

"ಹಾಗಾದರೆ ಹೊರಗೆ ತೆಗೆಯೋದು?"

"ಮನೆ ಒಡೀಬೇಕು."

ಅಮ್ಮ ಅಪ್ಪನ ಕಡೆ ತಿರುಗಿದಳು. "ಕೇಳಿದಿರಾ? ಎರಡೇ ವರ್ಷ ಅಂತ ಕರ್ಕೊಂಡು ಬಂದ್ರಿ. ಈಗ ಇವನ ಶಾಲೆ, ನಿಮ್ಮ ಪ್ರಮೋಶನ್. ಊರಿಗೆ ವಾಪಸು ಹೋಗುವುದು ಯಾವಾಗ?"

"ಬರುವ ವರ್ಷ ಖಂಡಿತ."

"ಗೋಡೆ ಏಳ್ತಾ ಉಂಟು," ಅಂದಳು ಅಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. ಒಂದು ಭರಣಿಗಾಗಿ ಅವಳು ಯಾಕೆ ಅಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ, ತಿಳಿಯಲಿಲ್ಲ.

ಈಗ ಕೆಲಸದವ ಗರಗಸ ತಂದಿದ್ದಾನೆ. ಸೂಟ್‌ಕೇಸಿನ ಮೇಲೆ ಕೂತಿದ್ದ ಅಮ್ಮ ಬೇಡವೆಂದಳು.

"ಕಪಾಟು ಇಲ್ಲೇ ಇರಲಿ ಮಗಾ. ಊರಿಗೆ ಹೊರಟದ್ದು ನಾವು. ನಮಗೆ ಈ ಬಾಗಿಲು ಸಾಕು."