ನನ್ನ ವಾಚು ಕದ್ದವರು ಸಿಕ್ಕಿಬಿಟ್ಟರು

ಗೆಳೆಯರೇ, ಪಾಠ ಹೇಳುವುದು ಬಿಟ್ಟು ಬೇರೆ ಯಾವುದಾದರೂ ಕೆಲಸವಿದ್ದರೆ ದಯವಿಟ್ಟು ತಿಳಿಸಿ.

ಚಾಮರಾಜಪೇಟೆಯಲ್ಲಿ ಹೊಸ ಸಬ್‌ಇನ್ಸ್‌ಪೆಕ್ಟರುಗಳಿಗೆ ನಾನು ಕ್ರಿಮಿನಲ್ ಕಾನೂನು ಕಲಿಸುತ್ತೇನೆ. ಸಾಬೀತಾಗುವವರೆಗೆ ಆರೋಪಿ ನಿರಪರಾಧಿ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎಂಬುದು ಇಂದಿನ ಪಾಠ. ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು.

ಟೀ ಬ್ರೇಕಿನಲ್ಲಿ ನೋಡಿದರೆ ನನ್ನ ವಾಚು ಮೇಜಿನ ಮೇಲಿಲ್ಲ. "ಎಲ್ಲಿಟ್ಟೆನೋ" ಎಂದು ಟ್ರೈನಿಗಳ ಎದುರೇ ಗೊಣಗುತ್ತ ಸ್ಟಾಫ್ ರೂಮಿಗೆ ಹೋದೆ. ಪರ್ಸಿನಲ್ಲೇ ಇತ್ತು. ಕಟ್ಟಿಕೊಂಡು ವಾಪಸ್ ಬಂದರೆ, ನಮಗೆ ಟೀ ತಂದುಕೊಡುವ ರಾಮಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಅರವತ್ತರ ಆಸುಪಾಸಿನ ಮನುಷ್ಯ. ಕೆನ್ನೆ ಕೆಂಪಾಗಿದೆ.

"ಮೇಡಂ, ಕೇಸ್ ಡಿಟೆಕ್ಟ್ ಆಯ್ತು! ಇವ್ನೇ ಎತ್ಕೊಂಡು ಮಾರ್ಕೆಟ್ ಹತ್ರ ಮಾರಿದ್ದಾನೆ. ಒಪ್ಕೊಂಡ," ಎಂದ, ಎಲ್ಲ ಪರೀಕ್ಷೆಗಳಲ್ಲೂ ಮೊದಲು ಬರುವ ಟ್ರೈನಿ.

ನಾನು ಕೈ ಎತ್ತಿ ವಾಚು ತೋರಿಸಿದೆ.

ಅವನು ಒಂದು ಕ್ಷಣ ಯೋಚಿಸಿದ. "ಹಾಗಾದ್ರೆ ಒಪ್ಕೊಂಡಿದ್ಯಾಕೆ ಮೇಡಂ? ಬೇರೆ ಏನೋ ಕದ್ದಿರ್ಬೇಕು."

ಅವನ ಜೊತೆ ಮಾತು ಬೇಡವೆನಿಸಿತು. "ತಪ್ಪಾಯ್ತು ರಾಮಣ್ಣ, ನೀವು ಹೋಗಿ" ಎಂದೆ. ಅವರು ಕದಲಲಿಲ್ಲ.

"ಬೇಡ ಮೇಡಂ. ಒಪ್ಕೊಂಡ್ಮೇಲೆ ಹೊಡೆಯೋದು ನಿಲ್ಸಿದ್ರು. ಈಗ ನಾನಲ್ಲ ಅಂದ್ರೆ ಮತ್ತೆ ಶುರು ಮಾಡ್ತಾರೆ."

ನಾಳೆ ಬಂಧಿತರ ಹಕ್ಕುಗಳ ಪಾಠವಿದೆ. ಟೀ ಮಾತ್ರ ನಾನೇ ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ಯುತ್ತೇನೆ.