ವೈಫೈ ಪಟ್ಟಿಯಲ್ಲಿ ಜೋಳದ ರೊಟ್ಟಿ

ಬೆಲ್ ಒತ್ತಿದವರು ಮೇಲಿನ ಮನೆಯ ಪಾಟೀಲ ವೈನಿ. ಕೈಯಲ್ಲಿ ಮೊಬೈಲ್ ಇತ್ತು. ವೈಫೈ ಪಾಸ್‌ವರ್ಡ್ ಕೇಳಲು ಬಂದಿದ್ದಾರೆಂದುಕೊಂಡು, ಇಲ್ಲ ಎನ್ನಲು ಮನಸ್ಸಿನಲ್ಲೇ ಮರಾಠಿ ವಾಕ್ಯ ಜೋಡಿಸತೊಡಗಿದೆ.

ಅವರು ಮೊಬೈಲ್ ತೋರಿಸಿ ಕನ್ನಡದಲ್ಲಿ ಕೇಳಿದರು: “ಇದರಾಗ ಜೋಳದ ರೊಟ್ಟಿ ಅಂತ ಬರಲಿಕ್ಕತ್ತದ. ನಿಮ್ಮದೇನ್ರಿ?”

ನಮ್ಮದೇ. ಇಂಟರ್‌ನೆಟ್ ಕಂಪನಿಯವರು ಹಾಲ್‌ನಲ್ಲಿ ಕೂಡಿಸಿದ ರೌಟರ್‌ನ ಸಿಗ್ನಲ್ ಒಳಕೋಣೆಗೆ ಬರುತ್ತಿರಲಿಲ್ಲ. ಹಿಂದಿನ ದಿನವಷ್ಟೇ ನಮ್ಮ ಯಜಮಾನರು ಸ್ವಂತದ್ದೊಂದು ತಂದು ಅದಕ್ಕೆ ಜೋಡಿಸಿದ್ದರು. ಕಂಪನಿಯದಕ್ಕೆ ಬರೀ ಅಂಕಿಗಳ ಹೆಸರು. ನಮ್ಮದಕ್ಕೆ ಊರಿನ ನೆನಪಾಗಿ ನಾನೇ ಹೆಸರಿಟ್ಟಿದ್ದೆ.

ನಾವು ಕಲಬುರಗಿಯ ಕುಲಕರ್ಣಿ, ಅವರು ಬೀದರಿನ ಪಾಟೀಲ. ನಾಸಿಕದಲ್ಲಿ ಈ ಎರಡೂ ಹೆಸರು ಕೇಳಿದರೆ ಯಾರಾದರೂ ಮರಾಠಿಯವರೆಂದೇ ತಿಳಿಯುತ್ತಾರೆ. ನಾವಿಬ್ಬರೂ ಹಾಗೆಯೇ ತಿಳಿದಿದ್ದೆವು.

“ಎರಡು ವರ್ಷ ಲಿಫ್ಟಿನಾಗ ನಿಮ್ಮ ಸಲುವಾಗಿ ಹರಕು ಮುರಕು ಮರಾಠಿ ಮಾತಾಡಿ ಸುಸ್ತಾಗಿತ್ತು ನೋಡ್ರಿ,” ಎನ್ನುತ್ತ ವೈನಿ ಒಳಬಂದು ಸೋಫಾದಲ್ಲಿ ಕುಳಿತರು. ನನ್ನ ಕಥೆಯೂ ಅದೇ ಆಗಿತ್ತು.

ಪಾಸ್‌ವರ್ಡ್ ಅವರು ಕೇಳಲೇ ಇಲ್ಲ. ಮರುದಿನ ನನ್ನ ಮೊಬೈಲಿನಲ್ಲಿ ನಮ್ಮ ಜೋಳದ ರೊಟ್ಟಿಯ ಕೆಳಗೆ ಹೊಸ ವೈಫೈ ಹೆಸರೊಂದು ಬಂದು ಕೂತಿತ್ತು: ಶೇಂಗಾ ಚಟ್ನಿ.